ನೋಂದಣಿಯ ಅನಂತರದ ಹೊಣೆ

1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಹಿರಿಮೆಯನ್ನು ಓದುಗ ಬಂಧುಗಳು ಬಲ್ಲರು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಇಂದಿಗೂ ಒಂದು ಸಂಘ ಹುಟ್ಟಲು ಏಳು ಜನ ಸಾಕು. ಆದರೆ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಅಕ್ಕನ ಬಳಗ, ಪ್ರಸಾದ ನಿಲಯಗಳನ್ನು ನಡೆಸುವ ಸಜ್ಜನರು ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದೊಡನೆ ಕಾರ್ಯ ಮುಗಿಯಿತೆಂದು ಭಾವಿಸುವುದನ್ನು ನಾವು ಕಾಣುತ್ತೇವೆ.

ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು. ಅದಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ತಪಾಸಣೆಗೊಂಡ ಲೆಕ್ಕಪತ್ರವನ್ನೂ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ತಪ್ಪಿದರೆ ದಂಡವಷ್ಟೇ ಅಲ್ಲ, ಅನುದಾನ ಬೇಡುವಾಗಲೂ ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸುವಾಗಲೂ ಹಳೆಯ ಪಟ್ಟಿಯೇ ಅಡ್ಡಬರುತ್ತದೆ.

ಖಾನಾಪುರದ ತೊಡಕು ಮಳೆಯದು. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ತೀರುತ್ತದೆ. ನಾಳೆ ನಾಡಿದ್ದೆಂದು ಸಭೆಯನ್ನು ಮುಂದೂಡಿದರೆ ಮಳೆ ಹಿಡಿದು ಸದಸ್ಯರೆಲ್ಲ ಭತ್ತದ ಗದ್ದೆಯಲ್ಲಿರುತ್ತಾರೆ, ಕೋರಂ ಕೂಡದು. ಏಪ್ರಿಲಿನಲ್ಲಿಯೇ ಪಾವತಿಗಳನ್ನು ಲೆಕ್ಕಪರಿಶೋಧಕರಿಗೆ ಒಪ್ಪಿಸಿ ಮೇ ತಿಂಗಳಲ್ಲಿ ಸಭೆ ನಡೆಸುವುದು ಲೇಸು. ಭಕ್ತರು ತಂದ ಅಕ್ಕಿಯ ಚೀಲಕ್ಕೂ ಪಾವತಿ ಇರಲಿ. ದಾಸೋಹಕ್ಕೆ ಲೆಕ್ಕವೇಕೆಂದು ಕೇಳುವವರುಂಟು. ಅಂಥವರ ಕೈಯಲ್ಲಿ ಉಗ್ರಾಣದ ಬೀಗದ ಕೈ ಇರಬಾರದೆಂಬುದು ನಮ್ಮ ಮತ.

ಆದಾಯ ತೆರಿಗೆಯ ವಿನಾಯಿತಿ ಬೇರೆ ಮಾತು. ಹಿಂದೆ ಒಮ್ಮೆ ಪಡೆದರೆ ನಡೆಯುತ್ತಿತ್ತು. 2021ರ ಏಪ್ರಿಲಿನಿಂದ ಅದಕ್ಕೆ ಅವಧಿಯುಂಟು, ತೀರುವ ಮುನ್ನವೇ ನವೀಕರಿಸಬೇಕು. ಇನ್ನು, ಪರದೇಶದಲ್ಲಿ ನೆಲೆಸಿ ಭಾರತದ ಪೌರತ್ವ ಬಿಟ್ಟವರ ಕಾಣಿಕೆಯನ್ನು 2010ರ ವಿದೇಶಿ ವಂತಿಗೆ ಅಧಿನಿಯಮದಂತೆ ಕೇಂದ್ರ ಗೃಹ ಖಾತೆಯ ಅನುಮತಿಯಿಲ್ಲದೆ ಸ್ವೀಕರಿಸಲಾಗದು, ಕೊಡುವವನು ನಮ್ಮೂರ ಮಗನೇ ಆಗಿದ್ದರೂ.