ಬಿದಿರ ಮೆಳೆಯ ಕಂದು ಒಗಟು

1880ರ ದಶಕದ ಆರಂಭದಲ್ಲಿ ಲಂಡನ್ನಿನ ಫ್ರೆಡೆರಿಕ್ ಮೂರ್ ಕೆನರಾ ಸೀಮೆಯ ಒಂದು ಕಂದು ಚಿಟ್ಟೆಗೆ ‘ಕೆನರೈಕಾ’ ಎಂದು ಹೆಸರಿಟ್ಟ. ಅವನ ಮುಂದಿದ್ದದ್ದು ಸೂಜಿಗೆ ಚುಚ್ಚಿದ ಒಣ ರೆಕ್ಕೆ. ಕಾಡಿನಲ್ಲಿ ನಿಂತವನಿಗೆ ಅಷ್ಟರಿಂದ ಬಗೆಹರಿಯುವ ಸಂಗತಿ ಅದಾಗಿರಲಿಲ್ಲ. ದಾಂಡೇಲಿ, ಜೊಯಿಡಾಗಳ ಬಿದಿರ ಮೆಳೆಗಳಲ್ಲಿ ಅದರ ದಾಯಾದಿಗಳೂ ಹಾರುತ್ತಿದ್ದವು: ಕ್ಯಾಲ್ಟೋರಿಸ್ ಕುಮಾರ, ಬಾವೊರಿಸ್ ಫಾರಿ. ಹಳಿಯಾಳ, ಮುಂಡಗೋಡದ ಗದ್ದೆಗಳ ಕಡೆ ಭತ್ತದ ಎಲೆ ಮಡಚಿ ತಿನ್ನುವ ಪೆಲೊಪಿಡಾಸ್ ಬೇರೆ. ಎಲ್ಲವೂ ಸ್ಕಿಪ್ಪರ್ ಎಂಬ ಚಿಟ್ಟೆ ಕುಟುಂಬದವು, ಎಲ್ಲವೂ ಕಂದು. ಬಾಣದಂತೆ ಚಿಮ್ಮಿ, ಕಣ್ಣು ನೆಡುವುದರೊಳಗೆ ಮಾಯ.

ಒಗಟು ಬಿಡಿಸುವ ಮೊದಲ ಯತ್ನ ಸರ್ಕಾರಿ ವರ್ಗಾವಣೆಗಳ ಆಕಸ್ಮಿಕದಿಂದ ಶುರುವಾಯಿತು. ಉಪ್ಪು ಮತ್ತು ಸುಂಕ ಇಲಾಖೆಯ ಇ.ಎಚ್. ಐಟ್ಕನ್, ಕಲೆಕ್ಟರ್ ಜೇಮ್ಸ್ ಡೇವಿಡ್ಸನ್, ಐರ್ಲೆಂಡಿನಲ್ಲಿ ಹುಟ್ಟಿ 1884ರಲ್ಲಿ ಭಾರತಕ್ಕೆ ಬಂದ ಅರಣ್ಯಾಧಿಕಾರಿ ಟಿ.ಆರ್. ಬೆಲ್, ಮೂವರೂ ಕಾರವಾರದಲ್ಲಿ ಒಂದೆಡೆ ಸೇರಿದರು. ಚಿಟ್ಟೆಯ ಬೆನ್ನು ಹತ್ತಿದರೆ ಸಿಗುವುದು ರೆಕ್ಕೆ ಮಾತ್ರ. ಹುಳುವಿನಿಂದಲೇ ಸಾಕಿದರೆ ಅದರ ಇಡೀ ಬದುಕು ಕಣ್ಣೆದುರು ತೆರೆದುಕೊಳ್ಳುತ್ತದೆ. ಅವರು ಎರಡನೆಯ ದಾರಿ ಹಿಡಿದರು. ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ.

ಅದು ತಾಳ್ಮೆಯನ್ನೇ ತಿಂದುಹಾಕುವ ಕೆಲಸ. ಸ್ಕಿಪ್ಪರ್ ಹುಳು ಎಲೆಯನ್ನು ರೇಷ್ಮೆ ಎಳೆಯಿಂದ ಹೊಲಿದು ಕೊಳವೆ ಮಾಡಿಕೊಂಡು ಒಳಗೆ ಅಡಗುತ್ತದೆ. ಕೊಯ್ದು ತಂದ ಬಿದಿರ ಎಲೆ ಬೇಗ ಸುರುಳಿಗಟ್ಟಿ ಒಣಗುತ್ತದೆ, ಹುಳು ಉಪವಾಸ ಬೀಳುತ್ತದೆ. ವಾರಗಟ್ಟಲೆ ಮೇವು ಹಾಕಿ ಬೆಳೆಸಿದ ಕೋಶ ಒಡೆದರೆ ಕೆಲವೊಮ್ಮೆ ಹೊರಬರುವುದು ಚಿಟ್ಟೆಯಲ್ಲ, ಅದರೊಳಗೆ ಬೆಳೆದ ಪರಾವಲಂಬಿ ಕಣಜ. ಅಲ್ಲಿಗೆ ಮತ್ತೆ ಮೊದಲಿನಿಂದ.

ಹಟಕ್ಕೆ ಫಲವೂ ಸಿಕ್ಕಿತು. ಉತ್ತರ ಕನ್ನಡದ ಚಿಟ್ಟೆಗಳ ಕುರಿತ ಮೂವರ ಲೇಖನಮಾಲೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಯಾವ ಹುಳು ಯಾವ ಗಿಡದ್ದು, ಕೋಶ ಹೇಗಿರುತ್ತದೆ ಎಂಬುದು ಅಕ್ಷರಕ್ಕಿಳಿಯಿತು. ಜೀವಂತ ಚಿಟ್ಟೆಯನ್ನು ನೋಡುವುದರ ಬೆಲೆಯೂ ಇಲ್ಲಿಯೇ ತಿಳಿಯುವುದು. ಅದೇ ಬಿದಿರನ್ನು ತಿನ್ನುವ ಮಟಾಪಾ ಆರಿಯಾಕ್ಕೆ ಕೆಂಡದಂಥ ಕಣ್ಣು. ಸತ್ತ ಮೇಲೆ ಆ ಕೆಂಪು ಮಾಸುತ್ತದೆ, ಪೆಟ್ಟಿಗೆಯಲ್ಲಿ ಉಳಿಯುವುದು ಮತ್ತೊಂದು ಕಂದು ಚಿಟ್ಟೆ.

ಆದರೂ ಅತಿ ಹತ್ತಿರದ ದಾಯಾದಿಗಳ ವಿಷಯದಲ್ಲಿ ಕಗ್ಗಂಟು ಪೂರ್ತಿ ಸಡಿಲಲಿಲ್ಲ. ಮೇವೂ ಬಿದಿರೇ, ರೆಕ್ಕೆಯ ಬಿಳಿ ಚುಕ್ಕೆಗಳೋ ಒಂದೇ ಜಾತಿಯೊಳಗೂ ಹೆಚ್ಚುಕಡಿಮೆ. 1909ರಲ್ಲಿ ಐಟ್ಕನ್ ತೀರಿಕೊಂಡ. ಅದೇ ವರ್ಷ ಬೆಲ್ ಭಾರತದ ಬಯಲು ಪ್ರದೇಶಗಳ ಚಿಟ್ಟೆಗಳ ಬಗ್ಗೆ ತನ್ನದೇ ದೀರ್ಘ ಲೇಖನಮಾಲೆ ಆರಂಭಿಸಿ 1927ರ ತನಕ ಎಳೆದ. ನಿವೃತ್ತನಾದ ಮೇಲೂ ಕಾರವಾರ ಬಿಡಲಿಲ್ಲ.

ಬೀಗದ ಕೈ ಬೇರೆಲ್ಲೋ ಇತ್ತು. 1870ರಲ್ಲೇ ಅಮೆರಿಕದ ಸ್ಯಾಮ್ಯುಯೆಲ್ ಸ್ಕಡರ್ ಮತ್ತು ಎಡ್ವರ್ಡ್ ಬರ್ಜೆಸ್ ತಮ್ಮ ನಾಡಿನ ಮಸಿಬಣ್ಣದ ಸ್ಕಿಪ್ಪರ್‌ಗಳ ರೆಕ್ಕೆ ಬಿಟ್ಟು ಹೊಟ್ಟೆಯ ತುದಿಯನ್ನು ಪರೀಕ್ಷಿಸಿದ್ದರು. ಗಂಡಿನ ಜನನಾಂಗದ ಎಡ ಬಲ ಕೊಂಡಿಗಳು ಒಂದೇ ಥರ ಇರಲಿಲ್ಲ. ಜಾತಿಯಿಂದ ಜಾತಿಗೂ ಅವುಗಳ ಆಕಾರ ಬೇರೆಯಾಗುತ್ತಿತ್ತು. ಭಾರತದಲ್ಲಿ ಸೈನ್ಯದ ಇಂಜಿನಿಯರ್ ಆಗಿದ್ದ ಬ್ರಿಗೇಡಿಯರ್ ಡಬ್ಲ್ಯು.ಎಚ್. ಇವಾನ್ಸ್ ನಿವೃತ್ತಿಯ ನಂತರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಈ ವಿಧಾನವನ್ನು ಯುರೋಪ್, ಏಷ್ಯಾ, ಆಸ್ಟ್ರೇಲಿಯಾಗಳ ಸ್ಕಿಪ್ಪರ್‌ಗಳಿಗೆಲ್ಲ ಅನ್ವಯಿಸಿದ. ಅವನ ಬೃಹತ್ ಪಟ್ಟಿ ಹೊರಬಂದದ್ದು 1949ರಲ್ಲಿ. ಬೆಲ್ 1948ರಲ್ಲಿ ಕಾರವಾರದಲ್ಲೇ ಕಣ್ಣು ಮುಚ್ಚಿದ್ದ.

ಉತ್ತರ ಇಷ್ಟೇ: ಬಾವೊರಿಸ್ ಗಂಡಿನ ಹಿಂದಿನ ರೆಕ್ಕೆಯ ಮೇಲೆ ಕಪ್ಪು ಕೂದಲಿನ ಕುಚ್ಚು ಇರುತ್ತದೆ, ಕ್ಯಾಲ್ಟೋರಿಸ್‌ಗೆ ಅದಿಲ್ಲ. ಕ್ಯಾಲ್ಟೋರಿಸ್ ಗುಂಪಿನವೇ ಆದ ಕೆನರೈಕಾ ಮತ್ತು ಕುಮಾರದಂಥ ಒಡಹುಟ್ಟುಗಳ ನಡುವೆ ಖಚಿತ ತೀರ್ಪು ಕೊಡುವುದು ಸೂಕ್ಷ್ಮದರ್ಶಕದಡಿ ಕಾಣುವ ಆ ಕೊಂಡಿಗಳ ಆಕಾರ.