ಹಳ್ಳಿ ಪಬ್ಬಿನ ಊಟ: ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಉಪವಾಸ

ಅಷ್ಟೊತ್ತಿಗೆ ಅಮ್ಮ ನಾಲ್ಕೈದು ಚಿಪ್ಸ್ ತಿಂದಾಗಿತ್ತು.

ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಒಂದು ಹಳ್ಳಿ ಪಬ್. ಭಾನುವಾರ ಮಧ್ಯಾಹ್ನ. ಹಾಸನದಿಂದ ಬಂದಿದ್ದ ಅಪ್ಪ-ಅಮ್ಮನಿಗೆ ಇಲ್ಲಿನ ಹಳ್ಳಿ ತೋರಿಸೋಣ ಅಂತ ರೆಡಿಂಗ್‌ನಿಂದ ಕಾರು ಹತ್ತಿಸಿಕೊಂಡು ಬಂದಿದ್ವಿ. ಕಲ್ಲಿನ ಗೋಡೆ, ಹೊಗೆ ಹಿಡಿದ ತೊಲೆ, ಒಲೆಯಲ್ಲಿ ಉರಿಯುವ ಸೌದೆ, ಪಕ್ಕದ ಟೇಬಲ್ ಕೆಳಗೆ ಮಲಗಿದ್ದ ನಾಯಿ. ಅಪ್ಪ ಖುಷಿಯಾಗಿ ಫೋಟೊ ತೆಗೆಯುತ್ತಿದ್ದರು.

ಅಮ್ಮ ಶುದ್ಧ ಸಸ್ಯಾಹಾರಿ. ಮೊಟ್ಟೆಯೂ ಇಲ್ಲ. ಸಸ್ಯಾಹಾರಿಗಳಿಗೆ ಅಂತ ಇದ್ದ ನಟ್ ರೋಸ್ಟ್ ಖಾಲಿಯಾಗಿತ್ತು. "ಚಿಪ್ಸ್, ಸಲಾಡ್ ಕೊಡ್ತೀವಿ" ಅಂದರು. ಇಲ್ಲಿ ಚಿಪ್ಸ್ ಅಂದರೆ ಬೆರಳು ದಪ್ಪದ ಆಲೂ ಹೋಳು ಕರಿದದ್ದು. ಆಲೂಗಡ್ಡೆ ತಾನೇ, ಏನು ಯೋಚನೆ? ತಟ್ಟೆ ಎತ್ತಲು ಬಂದ ಹುಡುಗಿಗೆ ನಾನೇ ಹೇಳಿದೆ: "ಚಿಪ್ಸ್ ತುಂಬಾ ಚೆನ್ನಾಗಿದೆ." ಹದಿನಾರು-ಹದಿನೇಳರ ಹುಡುಗಿ. ಮುಖ ಅರಳಿತು. "ಹೌದಲ್ವಾ? ನಾವು ಬೀಫ್ ಡ್ರಿಪ್ಪಿಂಗ್‌ನಲ್ಲೇ ಕರಿಯೋದು" ಅಂದಳು.

ಡ್ರಿಪ್ಪಿಂಗ್ ಅಂದರೆ ದನದ ಕೊಬ್ಬು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಚಿಪ್ಸ್ ಕರಿಯೋದಕ್ಕೆ ಅದೇ ಹಳೇ ಪದ್ಧತಿ. ಅವಳಿಗೆ ಅದು ಹೆಮ್ಮೆಯ ವಿಷಯ.

ಅಮ್ಮನಿಗೆ ಇಂಗ್ಲಿಷ್ ಅಷ್ಟೂ ಬರಲ್ಲ. ಆದರೆ ಬೀಫ್ ಅನ್ನೋ ಪದ ಗೊತ್ತು. ಫೋರ್ಕ್ ಕೆಳಗಿಟ್ಟಳು. ನೀರು ಕುಡಿದಳು. ನಾನು ಕೌಂಟರ್ ಕಡೆ ಏಳುತ್ತಿದ್ದಂತೆ ಕೈ ಹಿಡಿದು, "ಅವಳನ್ನ ಏನೂ ಅನ್ಬೇಡ, ಮಗು ಅದು" ಅಂದಳು. ಆ ದಿನ ರಾತ್ರಿ ಅವಳು ಊಟ ಮಾಡಲಿಲ್ಲ.

ಅದೇ ಹೊತ್ತಿಗೆ ಪಕ್ಕದ ಟೇಬಲ್‌ನ ವಯಸ್ಸಾದ ದಂಪತಿ ಲ್ಯಾಂಡ್‌ಲಾರ್ಡ್ ಕೈ ಕುಲುಕಿ, ಇಷ್ಟು ಒಳ್ಳೆ ರೋಸ್ಟ್ ತಿಂದು ವರ್ಷಗಳಾಗಿತ್ತು ಅಂತ ಹೇಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಎರಡೂ ನಿಜ

ಫೋನಿನಲ್ಲಿ ಯಾವ ಹಳ್ಳಿ ಪಬ್ಬಿನ ರಿವ್ಯೂ ತೆಗೆದರೂ ಇದೇ ಕಥೆ. ಒಬ್ಬರು ಐದು ಸ್ಟಾರ್ ಕೊಟ್ಟು ಮನೆ ಊಟದ ಹಾಗಿತ್ತು ಅಂದಿರುತ್ತಾರೆ. ಅದೇ ವಾರ ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟು, ಒಂದು ಗಂಟೆ ಕಾಯಿಸಿದರು, ಇನ್ನು ಈ ಕಡೆ ತಲೆ ಹಾಕಲ್ಲ ಅಂದಿರುತ್ತಾರೆ. ಯಾರನ್ನು ನಂಬೋದು?

ಏಳು ವರ್ಷ ಇಲ್ಲಿದ್ದು, ಎಷ್ಟೋ ಪಬ್‌ಗಳಲ್ಲಿ ತಿಂದು, ಕೆಲವು ಕಡೆ ಹಸಿದುಕೊಂಡೇ ಹೊರಬಂದು ನನಗೆ ಅನ್ನಿಸಿದ್ದು ಇಷ್ಟು: ಇಬ್ಬರನ್ನೂ ನಂಬಬೇಕು. ನಾವು ಪಬ್ ಅನ್ನು ಹೋಟೆಲ್ ಅಂದುಕೊಂಡು ಹೋಗ್ತೀವಿ. ಅದು ಹೋಟೆಲ್ ಆಗಿದ್ದು ಇತ್ತೀಚೆಗೆ.

ಪಬ್ ಅಂದರೆ 'ಪಬ್ಲಿಕ್ ಹೌಸ್'. ನಮ್ಮೂರ ಅರಳಿಕಟ್ಟೆಗೆ ಬಾಗಿಲು, ಮಾಡು, ಬಿಯರ್ ಸೇರಿಸಿದ ಹಾಗೆ. ಜನ ಬರುತ್ತಿದ್ದದ್ದು ಮಾತಿಗೆ, ಕುಡಿಯೋದಕ್ಕೆ. 1946ರಲ್ಲಿ ಜಾರ್ಜ್ ಆರ್ವೆಲ್ 'ದಿ ಮೂನ್ ಅಂಡರ್ ವಾಟರ್' ಅಂತ ಒಂದು ಲೇಖನ ಬರೆದ. ತನ್ನ ಮನಸ್ಸಿಗೊಪ್ಪುವ ಪಬ್ ಹೇಗಿರಬೇಕು ಅನ್ನೋದೇ ವಿಷಯ. ಮಜಾ ಅಂದರೆ ಆ ಕನಸಿನ ಪಬ್ಬಿನಲ್ಲೂ ರಾತ್ರಿ ಊಟ ಸಿಗಲ್ಲ! ಸ್ಯಾಂಡ್‌ವಿಚ್, ಚೀಸ್, ಉಪ್ಪಿನಕಾಯಿ ಥರದ್ದು ಸಿಗುತ್ತೆ, ಮಧ್ಯಾಹ್ನ ಮಹಡಿ ಮೇಲೆ ಊಟ ಇರುತ್ತೆ, ಅಷ್ಟೆ. ಕೊನೆಗೆ ಅವನೇ ಅಂಥ ಪಬ್ ಎಲ್ಲೂ ಇಲ್ಲ ಅಂತ ಒಪ್ಪಿಕೊಳ್ಳುತ್ತಾನೆ.

ಆಮೇಲೆ ಕಾಲ ಬದಲಾಯಿತು. 1991ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ 'ದಿ ಈಗಲ್' ಅನ್ನೋ ಪಬ್ಬನ್ನು ಇಬ್ಬರು ಕೈಗೆತ್ತಿಕೊಂಡು ಒಳ್ಳೆ ಅಡುಗೆ ಶುರುಮಾಡಿದರು. 'ಗ್ಯಾಸ್ಟ್ರೋಪಬ್' ಅನ್ನೋ ಹೆಸರು ಬಂದದ್ದು ಅಲ್ಲಿಂದ. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್‌ಗಳ ಒಳಗೆ ಸಿಗರೇಟ್ ನಿಂತಿತು. ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಬರೋದು ಸಲೀಸಾಯಿತು. ಮಾರ್ಲೋ ಊರಿನ 'ದಿ ಹ್ಯಾಂಡ್ ಅಂಡ್ ಫ್ಲವರ್ಸ್' ಎರಡು ಮಿಶೆಲಿನ್ ಸ್ಟಾರ್ ಪಡೆದ ಮೊದಲ ಪಬ್ ಆಯಿತು.

ಹೀಗಾಗಿ 'ಪಬ್' ಅನ್ನೋ ಒಂದೇ ಬೋರ್ಡಿನ ಹಿಂದೆ ಮಿಶೆಲಿನ್ ಅಡುಗೆಮನೆಯೂ ಇರಬಹುದು, ಫ್ರೀಜರ್‌ನಿಂದ ತೆಗೆದು ಬಿಸಿ ಮಾಡಿ ಕೊಡೋ ಮೂಲೆಯೂ ಇರಬಹುದು.

ಬೋರ್ಡ್ ಅದೇ, ಜನ ಬೇರೆ

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಎಷ್ಟೋ ಪಬ್‌ಗಳ ಕಟ್ಟಡ ಬಿಯರ್ ಕಂಪನಿಯದ್ದೋ ದೊಡ್ಡ ಪಬ್ ಕಂಪನಿಯದ್ದೋ ಆಗಿರುತ್ತೆ. ನಡೆಸುವವರು ಬಾಡಿಗೆದಾರರು. ಇದಕ್ಕೆ 'ಟೈ' ಅಂತಾರೆ: ಬಾಡಿಗೆಯ ಜೊತೆಗೆ ಬಿಯರ್ ಕೂಡ ಆ ಕಂಪನಿಯಿಂದಲೇ ಕೊಳ್ಳಬೇಕು. ಲೆಕ್ಕ ಕೂಡದೆ ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಬರುತ್ತಾರೆ. ಹೊರಗೆ ನೇತಾಡುವ 'ರೆಡ್ ಲಯನ್' ಬೋರ್ಡ್ ಅದೇ, ಒಳಗಿನ ಅಡುಗೆಯವರು ಬೇರೆ. ಎರಡು ವರ್ಷ ಹಳೆಯ ಐದು ಸ್ಟಾರ್, ಈಗ ಅಲ್ಲಿಲ್ಲದ ಅಡುಗೆಯವರಿಗೆ ಸಂದದ್ದು.

ಅವರ ಕಷ್ಟವನ್ನೂ ನೋಡಿ. 20 ಪೌಂಡಿನ ಊಟದಲ್ಲಿ 3 ಪೌಂಡ್ 33 ಪೆನ್ಸ್ ನೇರ ವ್ಯಾಟ್‌ಗೆ ಹೋಗುತ್ತೆ. 2025ರ ಏಪ್ರಿಲ್‌ನಲ್ಲಿ 21 ತುಂಬಿದ ಕೆಲಸಗಾರರ ಕನಿಷ್ಠ ಸಂಬಳ ಗಂಟೆಗೆ 12.21 ಪೌಂಡ್‌ಗೆ ಏರಿತು. ಜೊತೆಗೆ ಕರೆಂಟು, ಗ್ಯಾಸು, ಕಟ್ಟಡದ ತೆರಿಗೆ. ಬಸ್ಸೇ ಸರಿಯಾಗಿ ಬರದ ಹಳ್ಳಿಗೆ ಕೆಲಸಕ್ಕೆ ಜನ ಸಿಗೋದೂ ಕಷ್ಟ. ಹಾಗಾಗಿ ಅಡುಗೆಮನೆಯಲ್ಲಿ ಒಬ್ಬರೋ ಇಬ್ಬರೋ, ಟೇಬಲ್ ನೋಡಿಕೊಳ್ಳೋದಕ್ಕೆ ಊರಿನ ಶಾಲಾ ಮಕ್ಕಳು. ನಮಗೆ ಸಿಕ್ಕಿದ ಆ ಹುಡುಗಿಯ ಹಾಗೆ.

ಬುಧವಾರ 12 ಜನಕ್ಕೆ ಅದ್ಭುತವಾಗಿ ಬಡಿಸುವ ಅಡುಗೆಮನೆ, ಭಾನುವಾರ 90 ಜನ ಬಂದರೆ ಏದುಸಿರು ಬಿಡುತ್ತೆ. ಒಬ್ಬರದ್ದು ಬುಧವಾರದ ರಿವ್ಯೂ, ಇನ್ನೊಬ್ಬರದ್ದು ಭಾನುವಾರದ ರಿವ್ಯೂ.

ಯಾರೂ ಹೇಳಿಕೊಡದ ನಿಯಮಗಳು

ಆ ಭಾನುವಾರ ನಾವು ಮಾಡಿದ ತಪ್ಪುಗಳೂ ಕಡಿಮೆಯಿಲ್ಲ. ಬುಕ್ ಮಾಡಿರಲಿಲ್ಲ. ಟೇಬಲ್ ಸಿಕ್ಕಮೇಲೆ ಆರ್ಡರ್ ತೆಗೆದುಕೊಳ್ಳೋಕೆ ಯಾರಾದ್ರೂ ಬರ್ತಾರೆ ಅಂತ 20 ನಿಮಿಷ ಕೂತಿದ್ವಿ. ಯಾರೂ ಬರಲಿಲ್ಲ, ಬರೋದೂ ಇಲ್ಲ. ಬಹಳಷ್ಟು ಪಬ್‌ಗಳಲ್ಲಿ ಟೇಬಲ್ ನಂಬರ್ ನೋಡಿಕೊಂಡು, ಕೌಂಟರ್‌ಗೆ ಹೋಗಿ, ಆರ್ಡರ್ ಹೇಳಿ ಅಲ್ಲೇ ದುಡ್ಡು ಕೊಟ್ಟು ಬರಬೇಕು. ನಾವು ಕಾಯುತ್ತಿದ್ದಾಗ ಹಿಂದೆ ಬಂದವರೆಲ್ಲ ಆರ್ಡರ್ ಕೊಟ್ಟಾಗಿತ್ತು. ಕೊನೆಯ ನಟ್ ರೋಸ್ಟ್ ಹೋದದ್ದೂ ಆ 20 ನಿಮಿಷದಲ್ಲೇ ಇರಬೇಕು.

ಅಪ್ಪನದ್ದು ಇನ್ನೊಂದು ಕಥೆ. ಅವರು ಹೊರಗಡೆ ಚಿಕನ್ ತಿಂತಾರೆ. ಚಿಕನ್ ರೋಸ್ಟ್ ಜೊತೆ ಯಾರ್ಕ್‌ಷೈರ್ ಪುಡ್ಡಿಂಗ್ ಬಂತು. ಪುಡ್ಡಿಂಗ್ ಅಂದಮೇಲೆ ಸಿಹಿ ತಾನೇ ಅಂತ ಅದನ್ನು ಪಕ್ಕಕ್ಕೆ ಸರಿಸಿ ಕೊನೆಗೆ ಉಳಿಸಿಕೊಂಡರು. ಅದು ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಕಾದ ಕೊಬ್ಬಿನಲ್ಲೋ ಎಣ್ಣೆಯಲ್ಲೋ ಉಬ್ಬಿಸಿದ ಖಾರವೂ ಅಲ್ಲದ, ಸಿಹಿಯೂ ಅಲ್ಲದ ಬಟ್ಟಲು. ಗ್ರೇವಿ ತುಂಬಿಸಿ ತಿನ್ನೋದು. ತಣ್ಣಗಾದ ಮೇಲೆ ಕಚ್ಚಿ ನೋಡಿ, "ಇದಕ್ಕೆ ಸಕ್ಕರೆ ಹಾಕೋದೇ ಮರೆತಿದ್ದಾರೆ" ಅಂದರು!

ಮರುದಿನ ಸೋಮವಾರ ಇನ್ನೊಂದು ಹಳ್ಳಿಗೆ ಹೋದ್ವಿ. ಬಾಗಿಲು ತೆರೆದಿತ್ತು, ಬಿಯರ್ ಇತ್ತು, ಊಟ ಇರಲಿಲ್ಲ. ಹಳ್ಳಿ ಪಬ್‌ಗಳಲ್ಲಿ ಸೋಮವಾರ ಅಡುಗೆಮನೆಗೆ ರಜೆ ಇರೋದು ಸಾಮಾನ್ಯ. ಬೇರೆ ದಿನವೂ ಪಬ್ಬಿನ ಸಮಯವೇ ಬೇರೆ, ಅಡುಗೆಮನೆ ಸಮಯವೇ ಬೇರೆ: ಮಧ್ಯಾಹ್ನ 12ರಿಂದ 2 ಅಥವಾ 2.30, ಸಂಜೆ 6ರಿಂದ 8.30 ಅಥವಾ 9. ಬೆಟ್ಟ ಹತ್ತಿ ಇಳಿದು 2.40ಕ್ಕೆ ತಲುಪಿದ ನನ್ನ ಸಹೋದ್ಯೋಗಿಯ ಎಂಟು ಜನರ ಗುಂಪಿಗೆ ಸಿಕ್ಕಿದ್ದು ಪೊಟ್ಟಣದ ಕ್ರಿಸ್ಪ್ಸ್ ಮಾತ್ರ.

ನಮ್ಮವರ ಅನುಭವ

ಗೆಳೆಯರನ್ನು ಕೇಳಿದೆ. ಒಬ್ಬಳು ಎರಡು ವರ್ಷದ ಮಗುವಿನ ಜೊತೆ ಹೋಗಿದ್ದಳು. ಲ್ಯಾಂಡ್‌ಲೇಡಿ ಎತ್ತರದ ಕುರ್ಚಿ ತಂದುಕೊಟ್ಟು, ಮನೆಯಿಂದ ತಂದಿದ್ದ ಮೊಸರನ್ನಕ್ಕೆ ಚಮಚವನ್ನೂ ಕೊಟ್ಟರಂತೆ. ಅವಳೇ ಇನ್ನೊಂದು ಪಬ್‌ಗೆ ರಾತ್ರಿ ಎಂಟಕ್ಕೆ ಹೋದಾಗ "ಈ ಹೊತ್ತಲ್ಲಿ ಮಕ್ಕಳನ್ನ ಬಿಡಲ್ಲ" ಅಂದರಂತೆ. ಎರಡೂ ಪಬ್ಬಿನ ಮಧ್ಯೆ ಮೂರು ಮೈಲಿ.

ಇನ್ನೊಬ್ಬ ಹೇಳಿದ್ದು ಬೇರೆ ಥರದ್ದು: "ಒಳಗೆ ಕಾಲಿಟ್ಟ ತಕ್ಷಣ ಮಾತು ನಿಂತು ಎಲ್ಲರೂ ತಿರುಗಿ ನೋಡಿದರು." ಹೊಸಬರು ಯಾರೇ ಬಂದರೂ ಹಳ್ಳಿಯವರು ಹಾಗೆ ನೋಡ್ತಾರೆ, ನಮ್ಮೂರಲ್ಲೂ ನೋಡ್ತಾರೆ. ಆದರೆ ಆ ನೋಟದ ಹಿಂದೆ ಒಂದು ಚರಿತ್ರೆ ಇದೆ ಅನ್ನೋದನ್ನು ಮರೆಯೋಕಾಗಲ್ಲ. ಕರಿಯರಿಗೆ, ಏಷ್ಯಾದವರಿಗೆ ಪ್ರವೇಶ ಕೊಡದ ಪಬ್‌ಗಳು ಇಲ್ಲಿದ್ದವು. ಅದನ್ನು ಕಾನೂನು ತಡೆದದ್ದು 1965ರಲ್ಲಿ. ಬರ್ಮಿಂಗ್‌ಹ್ಯಾಂ ಸುತ್ತಮುತ್ತ ಪಂಜಾಬಿಗಳು ತಾವೇ ಪಬ್ ನಡೆಸಿ, ಬಿಯರ್ ಜೊತೆ ಮಿಕ್ಸ್ಡ್ ಗ್ರಿಲ್ ಕೊಟ್ಟು, 'ದೇಸಿ ಪಬ್' ಅನ್ನೋ ಪರಂಪರೆಯನ್ನೇ ಕಟ್ಟಿದರು. ನಾವು ಇವತ್ತು ಆರಾಮಾಗಿ ಕೂತು ಊಟ ಮಾಡೋದರ ಹಿಂದೆ ಅವರ ಹಟವೂ ಇದೆ.

ಮಂಗಳವಾರ

ಮಂಗಳವಾರ ಬೆಳಿಗ್ಗೆ ನಾನು ಮೊದಲು ಫೋನ್ ಮಾಡಿದೆ. ಅಮ್ಮನ ವಿಷಯ ನೇರವಾಗಿ ಹೇಳಿದೆ: ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಪ್ರಾಣಿ ಕೊಬ್ಬಿಲ್ಲ. ಆ ಕಡೆಯ ಹೆಂಗಸು "ಹಾಲು, ಬೆಣ್ಣೆ ಆಗುತ್ತಾ?" ಅಂತ ತಿರುಗಿ ಕೇಳಿದರು. ಆ ಪ್ರಶ್ನೆ ಕೇಳಿದಾಗಲೇ ನನಗೆ ಅರ್ಧ ಸಮಾಧಾನ.

ಹೋದಾಗ ಅಡುಗೆಯವರೇ ಏಪ್ರನ್‌ನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು. ಡೀಪ್ ಫ್ರೈಯರ್ ಒಂದೇ ಇರೋದು, ಅದರಲ್ಲಿ ಮೀನೂ ಕರಿಯುತ್ತೇವೆ, ಹಾಗಾಗಿ ನಿಮ್ಮ ಅಮ್ಮನಿಗೆ ಚಿಪ್ಸ್ ಬೇಡ ಅಂದರು. ಆಲೂಗಡ್ಡೆಯನ್ನು ಬೇರೆ ಬಾಣಲೆಯಲ್ಲಿ, ಸೂರ್ಯಕಾಂತಿ ಎಣ್ಣೆಯಲ್ಲಿ ಹುರಿದು ಕೊಟ್ಟರು. ಜೊತೆಗೆ ಲೀಕ್ ಅನ್ನೋ ಈರುಳ್ಳಿ ಜಾತಿಯ ಸೊಪ್ಪು ಹಾಕಿದ ಆಲೂ ಸೂಪ್, ಆಗಷ್ಟೇ ಬೇಯಿಸಿದ ಬ್ರೆಡ್, ಬೆಣ್ಣೆ. ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಸೂಪಿಗೆ ಉದುರಿಸಿಕೊಂಡಳು. ಅದನ್ನು ನೋಡಿದ ಅಡುಗೆಯವರು ತಾವೂ ಬೆರಳ ತುದಿಯಷ್ಟು ರುಚಿ ನೋಡಿ, ಕೆಮ್ಮಿ, ನಕ್ಕರು.

ಎರಡು ಪಬ್ಬಿನ ನಡುವಿನ ವ್ಯತ್ಯಾಸ ಅವರ ಒಳ್ಳೇತನ ಮಾತ್ರ ಅಲ್ಲ. ಅವತ್ತು ಅಲ್ಲಿ ಆರು ಟೇಬಲ್ ಮಾತ್ರ ಇತ್ತು, ಮತ್ತು ನಾನು ಮೊದಲೇ ಕೇಳಿದ್ದೆ.

ಹೋಗೋ ಮುಂಚೆ ಇಷ್ಟು ನೆನಪಿರಲಿ

• ಫೋನ್ ಮಾಡಿ. ಇವತ್ತು ಅಡುಗೆ ಇದೆಯಾ, ಎಷ್ಟು ಗಂಟೆವರೆಗೆ, ಟೇಬಲ್ ಇದೆಯಾ. ಭಾನುವಾರವಾದರೆ ಬುಕ್ ಮಾಡದೆ ಹೋಗಲೇಬೇಡಿ.

• "ವೆಜಿಟೇರಿಯನ್ ಇದೆಯಾ?" ಅನ್ನೋದು ಸಾಲದು. ಕರಿಯೋ ಎಣ್ಣೆ ಯಾವುದು? ಗ್ರೇವಿಯಲ್ಲಿ, ಸೂಪಿನಲ್ಲಿ ಮಾಂಸದ ಸ್ಟಾಕ್ ಇದೆಯಾ? ಚೀಸ್‌ನಲ್ಲಿ ಪ್ರಾಣಿಯ ರೆನೆಟ್ ಇದೆಯಾ? ಈ ಮೂರು ಕೇಳಿ. ವೂಸ್ಟರ್‌ಷೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತೆ.

• ಇಲ್ಲಿನ ಕಾನೂನು ಪ್ರಕಾರ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಕಡಲೆಕಾಯಿ, ಹಾಲು, ಮೊಟ್ಟೆ, ಮೀನು, ಎಳ್ಳು ಎಲ್ಲ ಅದರಲ್ಲಿವೆ. ದನದ ಕೊಬ್ಬು ಇಲ್ಲ! ಹಾಗಾಗಿ ನೀವು ಕೇಳದಿದ್ದರೆ ಯಾರೂ ಹೇಳದೇ ಇರಬಹುದು.

• ರಿವ್ಯೂ ಓದುವಾಗ ಸ್ಟಾರ್‌ಗಿಂತ ತಾರೀಖು ನೋಡಿ. ಸ್ವಚ್ಛತೆಗೆ ಫುಡ್ ಸ್ಟಾಂಡರ್ಡ್ಸ್ ಏಜೆನ್ಸಿಯ 0ಯಿಂದ 5ರವರೆಗಿನ ರೇಟಿಂಗ್ ಇದೆ. ಇಂಗ್ಲೆಂಡಿನಲ್ಲಿ ಅದನ್ನು ಬಾಗಿಲಿಗೆ ಅಂಟಿಸೋದು ಕಡ್ಡಾಯ ಅಲ್ಲ, ಆನ್‌ಲೈನ್‌ನಲ್ಲಿ ಸಿಗುತ್ತೆ.

• ಊಟ ಬಂದ ಸ್ವಲ್ಪ ಹೊತ್ತಿಗೆ ಒಬ್ಬರು ಬಂದು "ಎಲ್ಲಾ ಸರಿ ಇದೆಯಾ?" ಅಂತ ಕೇಳ್ತಾರೆ. ನಾವು ಸಂಕೋಚಕ್ಕೆ "ಫೈನ್, ಫೈನ್" ಅಂದು ರಾತ್ರಿ ಕೂತು ಒಂದು ಸ್ಟಾರ್ ಒತ್ತುತ್ತೇವೆ. ತಣ್ಣಗಿದ್ದರೆ, ಬೇಯದಿದ್ದರೆ ಆಗಲೇ ಹೇಳಿ. ಬಹಳಷ್ಟು ಕಡೆ ಬದಲಾಯಿಸಿ ಕೊಡ್ತಾರೆ.

ಆ ಭಾನುವಾರ ರಾತ್ರಿ ನಾನೂ ಒಂದು ಸ್ಟಾರ್ ಒತ್ತಿ, ಉದ್ದಕ್ಕೆ ಬರೆದಿದ್ದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಏನು ಬರೀತಿದ್ದೀಯ ಅಂತ ಕೇಳಿದಳು. ಓದಿ ಹೇಳಿದೆ. "ನೀನು ಎಣ್ಣೆ ಯಾವುದು ಅಂತ ಕೇಳಿದ್ಯಾ?" ಅಂದಳು. ಕೇಳಿರಲಿಲ್ಲ. ಅಳಿಸಿದೆ. ಅದರ ಬದಲು ಆ ಪಬ್‌ಗೇ ಒಂದು ಇಮೇಲ್ ಕಳಿಸಿದೆ: ಡ್ರಿಪ್ಪಿಂಗ್‌ನಲ್ಲಿ ಕರಿಯೋದು ನಿಮ್ಮಿಷ್ಟ, ಆದರೆ ಮೆನುವಿನಲ್ಲಿ ಒಂದು ಸಾಲು ಬರೆಯಿರಿ, ಸಸ್ಯಾಹಾರಿ ಅಂತ ಹೇಳಿದವರಿಗೆ ಅದನ್ನೇ ಕೊಡಬೇಡಿ ಅಂತ. ಇವತ್ತಿನವರೆಗೂ ಉತ್ತರ ಬಂದಿಲ್ಲ. ಆ ತಪ್ಪು ಮಾತ್ರ ಪೂರ್ತಿ ಅವರದ್ದೇ.

ಅಮ್ಮ ಹಾಸನಕ್ಕೆ ವಾಪಸ್ ಹೋಗಿ ಆರು ತಿಂಗಳಾಯಿತು. ಈಗಲೂ ವಿಡಿಯೊ ಕಾಲ್‌ನಲ್ಲಿ ಹೊರಗಡೆ ಊಟಕ್ಕೆ ಹೋಗ್ತಿದ್ದೀವಿ ಅಂದರೆ ಅವಳ ಮೊದಲ ಮಾತು ಒಂದೇ: "ಎಣ್ಣೆ ಕೇಳಿದ್ಯಾ?"

ನಿಮಗೂ ಪಬ್ಬಿನಲ್ಲೋ, ದಾರಿ ಬದಿ ಢಾಬಾದಲ್ಲೋ ಇಂಥ ಅನುಭವ ಆಗಿದೆಯಾ? ಹಬ್ಬವಾಗಿರಲಿ, ಉಪವಾಸವಾಗಿರಲಿ, ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ.