ಹಳೇ ಯುಪಿಎಸ್ ಬ್ಯಾಟರಿ ಗುಜರಿಗೆ ಹಾಕಿದರೆ ಅದೂ ರೀಸೈಕ್ಲಿಂಗೇ ಅಲ್ಲವೇ?

ಯುಪಿಎಸ್ ಬ್ಯಾಟರಿ ಕೆಟ್ಟಾಗ ಈ ಸಲಹೆ ನಿಮಗೂ ಸಿಕ್ಕಿರಬಹುದು: "ಅಂಗಡಿಯಲ್ಲಿ ಎಕ್ಸ್‌ಚೇಂಜ್ ಮಾಡಬೇಡಿ, ಗುಜರಿಯವನು ಜಾಸ್ತಿ ಕೊಡ್ತಾನೆ. ಎಲ್ಲಿ ಕೊಟ್ಟರೂ ಕರಗಿಸೋದೇ ತಾನೇ?"

ಇದರಲ್ಲಿ ಅರ್ಧ ನಿಜವಿದೆ. ಈ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅದನ್ನು ಮತ್ತೆ ಮತ್ತೆ ಕರಗಿಸಿ ಹೊಸ ಬ್ಯಾಟರಿ ಮಾಡಬಹುದು. ಕೆಟ್ಟ ಬ್ಯಾಟರಿಗೂ ಬೆಲೆ ಇರುವುದು ಅದಕ್ಕೇ. ಆದರೆ ಎಲ್ಲಿ, ಹೇಗೆ ಕರಗಿಸುತ್ತಾರೆ ಎಂಬುದು ಮುಖ್ಯ.

ಅನುಮತಿ ಇಲ್ಲದ ಶೆಡ್‌ಗಳಲ್ಲಿ ಬ್ಯಾಟರಿಯನ್ನು ಕೊಡಲಿ, ಸುತ್ತಿಗೆಯಿಂದ ಒಡೆಯುತ್ತಾರೆ. ಒಳಗಿನ ಸಲ್ಫ್ಯೂರಿಕ್ ಆಸಿಡ್ ಸೀಸದ ಪುಡಿಯ ಸಮೇತ ಮಣ್ಣಿಗೋ ಚರಂಡಿಗೋ ಹೋಗುತ್ತದೆ. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನಿಜ. ಆದರೆ ಪ್ಲೇಟ್‌ಗಳ ಮೇಲಿನ ಪೇಸ್ಟ್‌ನಿಂದ ಸೀಸ ತೆಗೆಯಲು ಅದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಆಗ ಏಳುವ ಹೊಗೆ, ಧೂಳು ಸುತ್ತಲಿನ ಮನೆ, ಅಂಗಳ, ಬಾವಿಕಟ್ಟೆಗಳ ಮೇಲೆ ಕೂರುತ್ತದೆ.

ಇದನ್ನೇ ಕಾನೂನುಬದ್ಧವಾಗಿ ಮಾಡಬೇಕೆಂದರೆ ಘಟಕ ಕಟ್ಟುವ ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಕುಲುಮೆ ಹೊತ್ತಿಸುವ ಮೊದಲು ಇನ್ನೊಂದು. ಇವು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಬರುತ್ತವೆ. ಅಪಾಯಕಾರಿ ತ್ಯಾಜ್ಯ ನಿಭಾಯಿಸಲು 2016ರ ನಿಯಮಗಳಡಿ ಪ್ರತ್ಯೇಕ ಅನುಮತಿಯೂ ಬೇಕು. ಇಂಥ ಘಟಕಗಳು ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ ಸೇರುತ್ತವೆ. ಹೊಗೆ ಸೋಸುವ ವ್ಯವಸ್ಥೆ, ಆಸಿಡ್ ಸಂಸ್ಕರಣೆ, ಉಳಿದ ಕಿಟ್ಟದ ಸುರಕ್ಷಿತ ವಿಲೇವಾರಿ, ಎಲ್ಲಕ್ಕೂ ಖರ್ಚಿದೆ. ಅಕ್ರಮ ಶೆಡ್‌ಗೆ ಆ ಖರ್ಚಿಲ್ಲ. ನಿಮಗೆ ಸಿಗುವ ಹೆಚ್ಚುವರಿ ನೂರಿನ್ನೂರು ರೂಪಾಯಿ ಬರುವುದು ಅಲ್ಲಿಂದಲೇ. (ಪಾಲಿಕೆಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ನಂಬರ್ ತೋರಿಸಿ "ನಮಗೆ ಲೈಸೆನ್ಸ್ ಇದೆ" ಎನ್ನುವವರಿದ್ದಾರೆ. ಅವು ಬೇರೆ, ಮಂಡಳಿಯ ಸಮ್ಮತಿ ಬೇರೆ.) ಸಮ್ಮತಿ ಪಡೆದವರೆಲ್ಲ ನಿಯಮ ಪಾಲಿಸುತ್ತಾರೆ ಎಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ತಪಾಸಣೆಗೆ ಒಂದು ವಿಳಾಸವಾದರೂ ಇರುತ್ತದೆ.

ತೊಂದರೆ ಹೆಚ್ಚು ತಟ್ಟುವುದು ಮಕ್ಕಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಸುರಕ್ಷಿತ ಮಟ್ಟವೇ ಇಲ್ಲ. ರಕ್ತಹೀನತೆ, ಕಲಿಕೆಯಲ್ಲಿ ಹಿಂದುಳಿಯುವಿಕೆ ನಿಧಾನವಾಗಿ ಬರುವುದರಿಂದ ಯಾರೂ ಬ್ಯಾಟರಿಯನ್ನು ದೂರುವುದಿಲ್ಲ.

ಇದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಆಫ್ರಿಕಾದ ಸೆನೆಗಲ್ ಸಾಕ್ಷಿ. ರಾಜಧಾನಿ ಡಕಾರ್ ಬಳಿಯ ಥಿಯಾರೋಯ್ ಸುರ್ ಮೇರ್‌ನಲ್ಲಿ ಹಳೇ ಬ್ಯಾಟರಿ ಒಡೆಯುತ್ತಿದ್ದ ಜಾಗದ ಮಣ್ಣನ್ನು ಜನ ಮನೆಗೆ ತಂದು, ಜರಡಿ ಹಿಡಿದು ಸೀಸ ತೆಗೆಯುತ್ತಿದ್ದರು. 2007ರ ಕೊನೆಯಿಂದ 2008ರ ಆರಂಭದೊಳಗೆ ಅಲ್ಲಿ 18 ಮಕ್ಕಳು ಸತ್ತರು. ಕಾರಣ ಸೀಸದ ವಿಷ ಎಂಬುದು ತನಿಖೆಯ ತೀರ್ಮಾನ.

ಹಾಗಾದರೆ ಏನು ಮಾಡಬೇಕು? 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯನ್ನು ಸಂಗ್ರಹಿಸಿ ರೀಸೈಕಲ್‌ಗೆ ತಲುಪಿಸುವ ಹೊಣೆ ತಯಾರಕರದ್ದು. ಬೇರೆ ಕಸದೊಂದಿಗೆ ಬೆರೆಸದೆ ಸರಿಯಾದ ಕೈಗೆ ಕೊಡುವುದು ನಮ್ಮದು. ಹೊಸದು ಕೊಳ್ಳುವಾಗ ಹಳೆಯದನ್ನು ಡೀಲರ್‌ಗೇ ಕೊಟ್ಟು, ಎಕ್ಸ್‌ಚೇಂಜ್ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆಸಿಡ್ ಚೆಲ್ಲಿ ಖಾಲಿ ಡಬ್ಬ ಕೊಡಬೇಡಿ. ಪಕ್ಕದಲ್ಲೇ ಬ್ಯಾಟರಿ ಒಡೆಯುವ, ಕರಗಿಸುವ ಶೆಡ್ ಇದ್ದರೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ಅಲ್ಲಿ ಆಡುವ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸುವ ಬಗ್ಗೆ ವೈದ್ಯರನ್ನು ಕೇಳಿ.